ಎಲೆ ನೋಡದೆ ಏರಿಸುವ ಅತ್ತೆ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೆ ಶಿವನಿ ಊರಿನ ನಮ್ಮ ಸೋದರತ್ತೆ ಇಸ್ಪೀಟಿನಲ್ಲಿ ತನ್ನ ಎಲೆ ನೋಡಿಕೊಂಡು ಆಡಿದ್ದನ್ನು ಕಂಡವರು ಕಡೂರಿನಿಂದ ಅಜ್ಜಂಪುರದವರೆಗಿನ ನಮ್ಮ ನೆಂಟರಲ್ಲಿ ಯಾರೂ ಇಲ್ಲ.

ದೀಪಾವಳಿಗೆ ಕಡೂರಿನ ನಮ್ಮ ಮನೆಯಲ್ಲಿ ಎಲ್ಲರೂ ಸೇರಿ ಮೂರೆಲೆ ಆಡುತ್ತಿದ್ದರು. ಪಣಕ್ಕೆ ಹುಣಿಸೆ ಬೀಜ. ಎಲೆ ನೋಡದವರು ಒಂದು ಬೀಜ ಹಾಕಿದರೆ ನೋಡಿದವರು ಎರಡು ಹಾಕಬೇಕು. ಈ ನಿಯಮ ಅತ್ತೆಗಾಗಿಯೇ ಹುಟ್ಟಿತ್ತೇನೋ. ಅವಳ ತಮ್ಮಂದಿರು, ಅಂದರೆ ಅಪ್ಪ ಮತ್ತು ಮೂವರು ಚಿಕ್ಕಪ್ಪಂದಿರು, ಎಲೆಗಳನ್ನು ಎದೆಗವಚಿಕೊಂಡು ಇಣುಕಿ ಬೆವರುವಾಗ ಅತ್ತೆ ತನ್ನ ಎಲೆಗಳ ಮೇಲೆ ಅಡಕತ್ತರಿ ಇಟ್ಟು ಪಣ ಏರಿಸುತ್ತಿದ್ದಳು.

"ಒಂದ್ಸಲ ನೋಡಾದ್ರೂ ನೋಡಕ್ಕಾ," ಎಂದ ಪಂಚನಹಳ್ಳಿ ಚಿಕ್ಕಪ್ಪ.

"ನೋಡಿದ್ರೆ ಹೆದ್ರಿಕೆ ಆಯ್ತದೆ ಕಣೋ. ನೀನು ನೋಡಿದ್ದೀಯಲ್ಲ, ನೀನೇ ಹೆದರ್ಕೊ."

ಅವನು ಹೆದರಿದ. ಜೋಡಿ ರಾಜರಿದ್ದೂ ಎಲೆ ಕೆಳಗಿಟ್ಟು ಆಟ ಬಿಟ್ಟ. ಅವನ ಹಿಂದೆಯೇ ಉಳಿದ ಮೂವರೂ ಬಿಟ್ಟರು. ಅತ್ತೆಯ ಎಲೆ ನಾನು ತಿರುಗಿಸಿ ನೋಡಿದೆ: ಎರಡು, ಐದು, ಒಂಬತ್ತು. ಒಂಬತ್ತಲ್ಲ, ಏಳಿದ್ದಿರಬಹುದು. ಏಳಿದ್ದರೂ ಸೋಲುವ ಎಲೆಯೇ.

"ನಾಲ್ಕು ಜನರೆದುರು ಭಯ ಆಗಲ್ವಾ ಅತ್ತೆ?"

"ಒಬ್ಬನಾದ್ರೆ ಭಯ ಕಣೇ. ನಾಲ್ಕು ಜನ ಇದ್ರೆ, ಪಕ್ಕದವನು ನೋಡ್ಕಂತಾನೆ ಅಂತ ಒಬ್ಬೊಬ್ಬನೂ ಸುಮ್ನಿರ್ತಾನೆ."

ನನ್ನನ್ನು ತನ್ನೂರಿಗೆ ಕರೆದೊಯ್ಯಲು ಬೀರೂರಿನಲ್ಲಿ ರೈಲು ಹತ್ತಿದಾಗಲೂ ಅತ್ತೆಯದು ಇದೇ ಕ್ರಮ. ನಾಲ್ವರು ಗಂಡಸರು ಕೂತಿದ್ದ ಸೀಟಿನ ಮುಂದೆ ನಿಂತು, "ಒಬ್ರಿಗೆ ಜಾಗ ಬಿಡ್ರಪ್ಪಾ," ಎಂದಳು.

"ಎಲ್ಲೈತೆ ಜಾಗ?"

"ಹಂಗಾದ್ರೆ ಇಬ್ರಿಗೆ ಬಿಡಿ. ಈ ಮಗೂನೂ ಕೂತ್ಕಬೇಕು."

ಯಾರೂ ಅಲುಗಲಿಲ್ಲ. "ಬುಟ್ಟೀನೂ ಮೇಲಿಡ್ಬೇಕು," ಎಂದಳು. ಅಂಚಿನವನು ಎದ್ದ. ಅಜ್ಜಂಪುರ ಬರುವಷ್ಟರಲ್ಲಿ ನಾನು ಕಾಲು ಚಾಚಿ ಮಲಗಿದ್ದೆ.

ನನ್ನ ಪಿಯುಸಿ ಮುಗಿದ ವರ್ಷ ಅದೇ ಪಡಸಾಲೆಯಲ್ಲಿ ಅದೇ ಐವರು ಮತ್ತೆ ಕೂತರು. ಈ ಸಲ ಇಸ್ಪೀಟಿರಲಿಲ್ಲ. ತರೀಕೆರೆಯಿಂದ ನನಗೆ ಗಂಡು ಬಂದಿತ್ತು, ಜವಳಿ ಅಂಗಡಿಯವರು. ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತು, ಮುಂದಿನ ತಿಂಗಳು ಎಲ್ಲಿರುತ್ತೇನೆಂದು ಕೇಳಿಸಿಕೊಳ್ಳುತ್ತಿದ್ದೆ.

"ಓದಿದ್ದು ಸಾಕು," ಎಂದ ಅಪ್ಪ.

"ಬಿ.ಎ. ಓದ್ಲಿ," ಎಂದಳು ಅತ್ತೆ.

"ಬಿ.ಎ.ಗೆ ಶಿವಮೊಗ್ಗಕ್ಕೆ ಹೋಗ್ಬೇಕು. ಹುಡುಗಿ ಎಲ್ಲಿರ್ತಾಳಕ್ಕಾ?" ಪಂಚನಹಳ್ಳಿ ಚಿಕ್ಕಪ್ಪ.

"ಶಿವಮೊಗ್ಗ ಬ್ಯಾಡ. ಮೈಸೂರಿಗೆ ಹೋಗ್ಲಿ. ಹಾಸ್ಟೆಲಲ್ಲಿರ್ಲಿ."

"ಹಾಸ್ಟೆಲ್ಲಾ?"

"ಎಂ.ಎ.ನೂ ಅಲ್ಲೇ ಮುಗಿಸ್ಲಿ."

"ಖರ್ಚು ಯಾರು ಕೊಡ್ತಾರೆ?" ಎಂದ ಕೊನೆಯ ಚಿಕ್ಕಪ್ಪ.

"ತೆಂಗಿನ ತೋಟದಾಗೆ ನನ್ನ ಪಾಲೈತಲ್ಲ. ಇವತ್ತಿನವರೆಗೂ ಕೇಳಿಲ್ಲ. ಕೇಳ್ಲಾ?"

ಅಂಥ ಪಾಲೊಂದು ನಿಜಕ್ಕೂ ಇತ್ತೇ? ತಮ್ಮಂದಿರಿಗೆ ಗೊತ್ತಿರಲಿಲ್ಲ, ಅತ್ತೆಗೂ ಗೊತ್ತಿರಲಿಲ್ಲವೆಂದು ನನ್ನ ಗುಮಾನಿ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಓದ್ಲಿ ಬಿಡಣ್ಣ," ಎಂದು ಪಂಚನಹಳ್ಳಿ ಚಿಕ್ಕಪ್ಪನೇ ಮೊದಲು ಮೇಲೆದ್ದ. ಅಪ್ಪ ಕೊನೆಗೆ ಎದ್ದ.

ಎಂ.ಎ. ಮುಗಿಸಿ ಶಿವನಿಯ ಮನೆಗೆ ಹೋದಾಗ ಅತ್ತೆ ನನ್ನ ಚೀಲದಿಂದ ಪುಸ್ತಕವೊಂದನ್ನು ತೆಗೆದು, ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ ಒಂದು ಸಾಲು ಓದಿದಳು. ಬಹಳ ಹೊತ್ತು ಹಿಡಿಯಿತು. ನಡುವೆ ಸಹಾಯಕ್ಕೆ ಹೋದರೆ ಕೈ ತಳ್ಳಿದಳು. ಆಗ ನಾನು ಕೇಳಿದೆ:

"ತಮ್ಮಂದಿರನ್ನ ಎತ್ತಾಡ್ಸು ಅಂತ ನಿನ್ನ ಸ್ಕೂಲು ಬಿಡಿಸಿದ್ರಲ್ಲ, ಅವತ್ತು ನಿನ್ನ ಕಡೆಗೆ ಮಾತಾಡೋರು ಒಬ್ರೂ ಇರ್ಲಿಲ್ವಾ ಅತ್ತೆ?"