ಸಕ್ಕರೆ ಇಳಿದವರ ಸಹವಾಸ

ಸಕ್ಕರೆ ಕಾಯಿಲೆ ಎಂದರೆ ಸಕ್ಕರೆ ಏರುವುದು ಎಂದೇ ಲೋಕದ ನಂಬಿಕೆ. ಅದು ಇಳಿದಾಗಿನ ಫಜೀತಿಯನ್ನು ನಮ್ಮಂಥ ನರ್ಸುಗಳ ಹತ್ತಿರ ಕೇಳಬೇಕು. ಎಂಬತ್ತರ ದಶಕದ ಕೊನೆಯಲ್ಲಿ ಮಂಗಳೂರಿನಿಂದ ಬಂದು ಒಮಾನಿನ ಇಬ್ರಾದ ಪುಟ್ಟ ಕ್ಲಿನಿಕ್ ಸೇರಿದ ನನ್ನನ್ನು ಇಂಥ ಪ್ರಸಂಗಗಳು ಹುಡುಕಿಕೊಂಡು ಬರುತ್ತಿದ್ದವು. ಹೆಚ್ಚಿನವಕ್ಕೆ ನಕ್ಕುಬಿಡುತ್ತಿದ್ದೆ. ನನಗೆ ನಿಜವಾದ ಹೆದರಿಕೆ ಇದ್ದದ್ದು ಒಬ್ಬ ಒಮಾನಿ ಅಜ್ಜನದ್ದು. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು, ತಿಂಡಿ ಮರೆತು, ಖರ್ಜೂರದ ತೋಟದಲ್ಲಿ ಗುದ್ದಲಿ ಹಿಡಿದು ಎರಡು ಸಲ ಎಚ್ಚರ ತಪ್ಪಿ ಬಿದ್ದಿದ್ದರು. “ಇನ್ನೊಮ್ಮೆ ಯಾರೂ ನೋಡದಾಗ ಬಿದ್ದರೆ ಏಳುವುದಿಲ್ಲ” ಎಂದಿದ್ದರು ನಮ್ಮ ಡಾಕ್ಟರು. ಅವರ ಮನೆಯಿಂದ ಫೋನ್ ಬಂದರೆ ಸಾಕು, ಗ್ಲುಕೋಸ್ ಬಾಟಲಿ ಎತ್ತಿಕೊಂಡೇ ಮಾತಾಡುತ್ತಿದ್ದೆ.

ಮುಂಗಡ ಮಾತ್ರೆ

ನಮ್ಮ ಪಕ್ಕದ ಮನೆಯವರು ಉಡುಪಿ ಕಡೆಯ ತುಳುವರು, ಕಂಪೆನಿಯೊಂದರಲ್ಲಿ ಗುಮಾಸ್ತರು. ಮ್ಯಾನೇಜರ ಮನೆಯಲ್ಲಿ ಪೂಜೆ, ಊಟಕ್ಕೆ ಪಾಯಸ ಎಂದು ತಿಳಿದದ್ದೇ ಸಕ್ಕರೆ ಇಳಿಸುವ ಮಾತ್ರೆ ಎರಡು ಪಟ್ಟು ನುಂಗಿ ಹೋದರು. ಆದರೆ ಕಫೀಲ್ ಬಾರದೆ ಎಲೆ ಹಾಕುವಂತಿಲ್ಲ. ಕಫೀಲ್ ಅಂದರೆ ಎಲ್ಲರ ವೀಸಾದ ಧಣಿ, ಅವರಿಗೆ ಕಾಯಲೇಬೇಕು. ಕಾದು ಕಾದು ನಮ್ಮ ಗುಮಾಸ್ತರಿಗೆ ಬೆವರು, ನಡುಕ, ಆಮೇಲೆ ವಿಪರೀತ ಸಿಟ್ಟು. ಮ್ಯಾನೇಜರ ಹೆಗಲು ಹಿಡಿದು, “ಯಲ್ಲಾ, ನಡಿ! ಕೂತದ್ದು ಸಾಕು, ಎದ್ದು ಬಡಿಸು ಮಾರಾಯ!” ಎಂದು ಗದರಿದರಂತೆ. ಕರೆ ಬಂದು ನಾನು ಓಡಿಹೋಗಿ ಶರಬತ್ತು ಕುಡಿಸಿದ ಮೇಲೆ ಮನುಷ್ಯ ಮತ್ತೆ ಬೆಕ್ಕಿನ ಮರಿ.

ಮರುವಾರ ಗುಟ್ಟಾಗಿ ಬಂದು ಕೇಳಿದರು: “ಸಿಸ್ಟರ್, ಮ್ಯಾನೇಜರ್ ಹೆದರಿ ಕೇಳದೆಯೇ ರಜೆ ಕೊಟ್ಟಿದ್ದಾರೆ. ಆ ಡಬಲ್ ಮಾತ್ರೆ ವರ್ಷಕ್ಕೊಮ್ಮೆ ತಗೊಂಡ್ರೆ ತೊಂದರೆ ಉಂಟಾ?”

ಉಪವಾಸ ಯಾರಿಗೆ?

ನಮ್ಮೂರಿನವರೇ ಆದ, ಹೆಂಗಸರನ್ನೆಲ್ಲ ‘ಬಾಯೆ’ ಎಂದು ಕರೆಯುವ ಕೊಂಕಣಿ ಕ್ರೈಸ್ತ ಬಾಯಮ್ಮ ಒಬ್ಬರು ಮಗನ ಮನೆಗೆ ಬಂದಿದ್ದರು. ಶುಭ ಶುಕ್ರವಾರದ ದಿನ ನೀರಿನ ಹೊರತು ಏನೂ ಮುಟ್ಟದೆ, ಬೆಳಗಿನಿಂದ ಮೊಣಕಾಲೂರಿ ಪ್ರಾರ್ಥನೆ. ಮಧ್ಯಾಹ್ನದ ಹೊತ್ತಿಗೆ ಮಗ ಅವರನ್ನು ಎತ್ತಿಕೊಂಡೇ ಬಂದ.

“ಊಟ ಬಿಟ್ಟವರು ಇನ್ಸುಲಿನ್ ಯಾಕೆ ಚುಚ್ಚಿಕೊಂಡ್ರಿ?” ಎಂದೆ.

“ಉಪವಾಸ ನನಗೆ ಬಾಯೆ, ಇಂಜೆಕ್ಷನಿಗೆ ಎಂತದು ಉಪವಾಸ?”

ಸಕ್ಕರೆ ನೀರು ಕೊಟ್ಟರೆ ಬಾಯಿ ಬಿಗಿಹಿಡಿದರು. ನರಕ್ಕೆ ಕೊಟ್ಟರೆ ವ್ರತ ಮುರಿಯುವುದಿಲ್ಲ ಎಂದು ನಾನೇ ಪಾದ್ರಿಯಾಗಿ ಅಪ್ಪಣೆ ಕೊಟ್ಟು ಗ್ಲುಕೋಸ್ ಏರಿಸಿದೆ. ಸ್ವಲ್ಪ ಹೊತ್ತಿಗೆ ಕಣ್ಣು ಹೊಳೆಯಿತು. ಬಾಟಲಿ ತೆಗೆಯಲು ಹೋದರೆ ನನ್ನ ಕೈ ಹಿಡಿದುಕೊಂಡರು. “ಇರ್ಲಿ ಬಾಯೆ, ರಾತ್ರಿಯ ಗಂಜಿಯೂ ಇದರಲ್ಲೇ ಆಗ್ಲಿ!”

ಬಾಬಾ ಖಲಾಸ್

ಇನ್ನು ಆ ಅಜ್ಜ. ತೋಟ ಬಿಡುವ ಜಾತಿಯೇ ಅಲ್ಲ. ಕೊನೆಗೆ ಅವರ ಮಗನನ್ನು ಕೂರಿಸಿಕೊಂಡು ಹರಕು ಅರಬ್ಬಿಯಲ್ಲಿ ಪಾಠ ಮಾಡಿದೆ: “ಬೆವರಿದರೆ, ನಡುಗಿದರೆ, ಮಾತು ತೊದಲಿದರೆ ತಕ್ಷಣ ಸಿಹಿ ಕೊಡು. ಆಮೇಲೆ ನನಗೆ ಫೋನ್ ಮಾಡು.”

ಒಂದು ಮಧ್ಯಾಹ್ನ ಫೋನ್ ಬಂತು. ಮಗನದೇ ದನಿ. “ಸಿಸ್ಟರ್! ನಡುಕ ಬಂತು... ಬಾಬಾ ಖಲಾಸ್!” ಅಷ್ಟೇ, ಲೈನು ಕಟ್ಟಾಯಿತು.

ಬಾಬಾ ಎಂದರೆ ಅಪ್ಪ. ಒಮಾನಿನಲ್ಲಿ ಖಲಾಸ್ ಎಂದರೆ ಮುಗಿಯಿತು, ಆಯಿತು, ಸಾಕು, ಎಲ್ಲವೂ ಹೌದು. ದಿನವಿಡೀ ಕೇಳುವ ಮಾತು. ಆದರೆ ಗಾಬರಿಯಲ್ಲಿ ನನಗೆ ನೆನಪಾದದ್ದು ಊರಿನ ಅರ್ಥ. ನಮ್ಮಲ್ಲಿ ಮನುಷ್ಯ ಖಲಾಸ್ ಎಂದರೆ ಹೆಣ ಎತ್ತುವುದೊಂದೇ ಬಾಕಿ. “ಅಜ್ಜ ಹೋದರು ಡಾಕ್ಟರ್!” ಎಂದು ಕೂಗಿ ಜೀಪು ಹತ್ತಿದೆ. ದಾರಿಯುದ್ದಕ್ಕೂ ಅತ್ತೆ.

ಹೋಗಿ ನೋಡಿದರೆ ಅಜ್ಜ ತೋಟದ ನೆರಳಲ್ಲಿ ಚಾಪೆಯ ಮೇಲೆ ಕೂತು ಬೆರಳು ನೆಕ್ಕುತ್ತಿದ್ದಾರೆ. ಮುಂದೆ ಬರಿದಾದ ಹಲ್ವಾದ ಡಬ್ಬಿ.

“ನೀವೇ ಹೇಳಿದ್ದಲ್ಲವಾ, ಸಿಹಿ ಕೊಡು ಅಂತ? ಕೊಟ್ಟೆ. ಬಾಬಾ ಪೂರ್ತಿ ಖಲಾಸ್ ಮಾಡಿದರು!” ಎಂದ ಮಗ, ಹೆಮ್ಮೆಯಿಂದ.

ಹೋದ ಜೀವ ಬಂತು. ಅಜ್ಜನ ಎದುರು ದೊಪ್ಪನೆ ಕೂತು, ಈ ಸಲ ಖುಷಿಗೆ, ಇನ್ನೂ ಜೋರಾಗಿ ಅತ್ತೆ. ಅಜ್ಜ ನನ್ನನ್ನು ನೋಡಿದರು, ಖಾಲಿ ಡಬ್ಬಿಯನ್ನು ನೋಡಿದರು. ಅವರ ಮುಖ ಸಣ್ಣದಾಯಿತು. ನನ್ನ ತಲೆ ನೇವರಿಸಿ ಹೇಳಿದರು:

“ಅಳಬೇಡ ಮಗಳೇ, ಒಳಗೆ ಇನ್ನೊಂದು ಡಬ್ಬಿ ಇದೆ.”