ನೂರ ಎಂಬತ್ತೇಳನೆಯ ಪುಟ

ಓದದೆಯೇ ಮೆಚ್ಚಿಕೊಳ್ಳುವ ಸಹೃದಯರು ನನ್ನ ಪಾಲಿಗೆ ಬಂದಷ್ಟು ಇನ್ನಾವ ಲೇಖಕನ ಪಾಲಿಗೂ ಬಂದಿರಲಾರರು. ಈಗಲೂ ಬರುತ್ತಲೇ ಇದ್ದಾರೆ. ದೆಹಲಿಯಲ್ಲಿ ಮೂವತ್ತೆಂಟು ವರ್ಷ ಹಳಗನ್ನಡ ಗದ್ಯವನ್ನು ಪಾಠ ಹೇಳಿ, ಓಲೆಗರಿಗಳ ಧೂಳನ್ನು ಮೂಗಿನ ತುಂಬ ತುಂಬಿಕೊಂಡು ನಿವೃತ್ತನಾದ ಮೇಲೆ, ನಾನು ವಿಜ್ಞಾನ ಕಾದಂಬರಿಕಾರನಾಗಲು ಹೊರಟೆ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಉದಯೋನ್ಮುಖ ಲೇಖಕನೆನ್ನಿಸಿಕೊಳ್ಳುವುದು ಎಂಥದೆಂಬುದನ್ನು ಅನುಭವಿಸಿಯೇ ತಿಳಿಯಬೇಕು.

ಕಾದಂಬರಿಯ ವಸ್ತು ಸರಳ. ಶನಿಗ್ರಹದ ಆಚೆ ತೇಲುತ್ತಿರುವ ಒಂದು ನಿಲಯ. ಅದರಲ್ಲಿ ಯಾನಪಾಲನೆಂಬ ಒಬ್ಬನೇ ಕಾವಲುಗಾರ. ಆತ ಪ್ರತಿದಿನವೂ ಭೂಮಿಗೆ ಸಂದೇಶ ಕಳುಹಿಸುತ್ತಾನೆ, ಉತ್ತರ ಬರುವುದಿಲ್ಲ. ಒಟ್ಟು ಇನ್ನೂರ ಹನ್ನೆರಡು ಪುಟ. ವಸಂತ್ ಕುಂಜ್‌ನ ಜೆರಾಕ್ಸ್ ಅಂಗಡಿಯಲ್ಲಿ ಐದು ಪ್ರತಿಗಳನ್ನು ಮಾಡಿಸಿ, ಸ್ಪೈರಲ್ ಹಾಕಿಸಿ, ಹಸ್ತಪ್ರತಿಗಳಿಗೆ ಗುರುತಿನ ಅಕ್ಷರ ಕೊಡುವ ಗ್ರಂಥಸಂಪಾದಕರ ಪದ್ಧತಿಯಂತೆ ಅವಕ್ಕೆ ಕ, ಖ, ಗ, ಘ, ಙ ಎಂದು ಹೆಸರಿಟ್ಟೆ.

ನನಗೆ ಪ್ರಶಸ್ತಿ ಬೇಕಿರಲಿಲ್ಲ. ಕೊನೆಯವರೆಗೆ ಓದುವ ಒಬ್ಬರು ಬೇಕಿದ್ದರು. ಬದುಕಿದ್ದಾಗ ನನ್ನಾಕೆ ಆ ಕೆಲಸ ಮಾಡುತ್ತಿದ್ದಳು. ಯಾವ ಪುಸ್ತಕವನ್ನಾದರೂ ಮೊದಲು ಕೊನೆಯ ಪುಟ ನೋಡಿ, ಕಷ್ಟಪಡಲು ಯೋಗ್ಯವೇ ಎಂದು ತೀರ್ಮಾನಿಸಿ ಆಮೇಲೆ ಆರಂಭಿಸುವವಳು. ಅದನ್ನು ನೆನೆದೇ ನನ್ನ ಬಲೆಯನ್ನು ಕೊನೆಯ ಪುಟದಲ್ಲಿ ಒಡ್ಡದೆ ನೂರ ಎಂಬತ್ತೇಳನೆಯ ಪುಟದಲ್ಲಿ ಒಡ್ಡಿದೆ. ಅಲ್ಲಿ ಯಾನಪಾಲನ ಸಂದೇಶದಲ್ಲಿ ಹೀಗೊಂದು ಮಾತಿದೆ: “ಇದನ್ನು ಕೇಳಿಸಿಕೊಂಡವರು ಯಾರಾದರೂ ಇದ್ದರೆ ಈ ಸಂಖ್ಯೆಗೆ ಕರೆ ಮಾಡಿ. ನಾನು ಇಲ್ಲಿ ಒಬ್ಬನೇ ಇದ್ದೇನೆ.” ಅದರ ಕೆಳಗಿದ್ದದ್ದು ನನ್ನ ಮನೆಯ ದೂರವಾಣಿ ಸಂಖ್ಯೆ. ಕೋರಿಕೆ ನನ್ನದೇ, ರಸಭಂಗವಾಗದಿರಲೆಂದು ಅದನ್ನು ಅವನ ಬಾಯಲ್ಲಿ ಇಟ್ಟಿದ್ದೆ, ಅಷ್ಟೆ.

ಕ ಪ್ರತಿ

ಮೊದಲ ಪ್ರತಿಯನ್ನು ಮೇಲಿನ ಮನೆಯ ನಿವೃತ್ತ ಅಧಿಕಾರಿಗಳಿಗೆ ಕೊಟ್ಟೆ. ಧಾರವಾಡದ ಕಡೆಯವರು, ಕೇಂದ್ರ ಸರಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ಬಂದವರು. ಮೂರು ವಾರದ ಮೇಲೆ ಪ್ರತಿ ಹಿಂದಿರುಗಿತು. ಅಂತ್ಯ ಹೇಗಿತ್ತೆಂದು ಕೇಳಿದೆ. ಅಂತ್ಯವೇ ಈ ಕೃತಿಯ ಜೀವಾಳ, ಅದರ ಒಂದಕ್ಷರವನ್ನೂ ಬದಲಿಸಕೂಡದು ಎಂದರು. ದೂರವಾಣಿಯ ಮಾತೇ ಬರಲಿಲ್ಲ.

ಮನೆಗೆ ಬಂದು ಮೊದಲ ಪುಟ ತೆರೆದಾಗ ಕಾರಣ ತಿಳಿಯಿತು. ಅಂಚಿನಲ್ಲಿ ಹಸಿರು ಶಾಯಿಯಲ್ಲಿ “ಅವಗಾಹನೆಗೆ” ಎಂದು ಬರೆದು, ಅವರು ಅದನ್ನು ತಮ್ಮ ಹಳೆಯ ಕಚೇರಿಯ ಮೂವರು ಗೆಳೆಯರಿಗೆ ಕಡತದಂತೆಯೇ ಕಳುಹಿಸಿದ್ದರು. ಮೊದಲನೆಯವರು “ನೋಡಿದೆ” ಎಂದೂ, ಎರಡನೆಯವರು “ಮೇಲಿನಂತೆ” ಎಂದೂ, ಮೂರನೆಯವರು “ಒಪ್ಪಿದೆ” ಎಂದೂ ಬರೆದು ದಿನಾಂಕ ಸಹಿತ ರುಜು ಹಾಕಿದ್ದರು. ನನ್ನ ನೆರೆಯವರ ರುಜು ಎಲ್ಲಕ್ಕೂ ಕೆಳಗೆ ಇತ್ತು. ಹೀಗೆ ನನ್ನ ಕಾದಂಬರಿಗೆ ನಾಲ್ಕು ಮಂಜೂರಾತಿಗಳು ದೊರೆತವು, ಓದುಗ ದೊರೆಯಲಿಲ್ಲ.

ಖ ಪ್ರತಿ

ಅದೇ ಅಧಿಕಾರಿಗಳ ಮೊಮ್ಮಗಳು ಕಾಲೇಜಿನಲ್ಲಿ ಓದುತ್ತಾಳೆ. ಕನ್ನಡ ಅರ್ಥವಾಗುತ್ತದೆ, ಅಕ್ಷರ ಬಾರದು. ಆದರೂ ತಾನು ಓದುತ್ತೇನೆಂದು ಹಟಮಾಡಿ ಎರಡನೆಯ ಪ್ರತಿಯನ್ನು ಕೊಂಡುಹೋದಳು. ಅರ್ಧ ಗಂಟೆಯಲ್ಲಿ ಹಿಂದಿರುಗಿ ಬಂದಳು. ಪುಟಗಳನ್ನೆಲ್ಲ ಫೋನಿನಲ್ಲಿ ಹಿಡಿದು ಕೃತಕ ಬುದ್ಧಿಯ ಯಂತ್ರಕ್ಕೆ ಕೊಟ್ಟು ಸಾರಾಂಶ ತೆಗೆಸಿದ್ದಳಂತೆ.

“ತಾತಾ, ಬಹುತ್ ಅಚ್ಛಾ ಇದೆ,” ಎಂದಳು. “ಸಮರಿ ಓದಲಾ?”

ಓದೆಂದೆ. ಸಾರಾಂಶ ಒಂದೇ ವಾಕ್ಯ: ವಯಸ್ಸಾದ ಒಬ್ಬರು ಒಂಟಿಯಾಗಿದ್ದಾರೆ, ಆದ್ದರಿಂದ ಬಹಳ ಮಾತನಾಡುತ್ತಾರೆ.

ಯಾನಪಾಲನ ವಯಸ್ಸನ್ನು ನಾನು ಎಲ್ಲಿಯೂ ಬರೆದಿರಲಿಲ್ಲ. ಆಕೆಯೇ, ಇದು ಕಹಾನಿಯ ವಿಷಯ ತಾತಾ, ನಿಮ್ಮದಲ್ಲ ಎಂದು ಸಮಾಧಾನ ಹೇಳಿದಳು. ಕಾದಂಬರಿಯನ್ನು ಆದ್ಯಂತ ಗ್ರಹಿಸಿದ್ದು ಆ ಯಂತ್ರವೊಂದೇ. ಅದೂ ಕರೆ ಮಾಡಲಿಲ್ಲ.

ಗ ಪ್ರತಿ

ಗ್ರೇಟರ್ ನೋಯ್ಡಾದ ಒಂದು ಕಾಲೇಜಿನಲ್ಲಿ ವಿಜ್ಞಾನ ಕಥೆಗಾರರ ಸಮಾವೇಶವಿದೆಯೆಂದು ತಿಳಿದು, ಇಸ್ತ್ರಿ ಮಾಡಿದ ಕೋಟು ತೊಟ್ಟು, ಮೂರು ಮೆಟ್ರೊ ಬದಲಿಸಿ, ಆಟೊ ಹಿಡಿದು ಹೋದೆ. ಹೆಸರು ಬರೆದುಕೊಳ್ಳುತ್ತಿದ್ದ ಯುವತಿ, “ಅಂಕಲ್, ಬಚ್ಚೇ ಕಾ ನಾಮ್?” ಎಂದು ಮಗುವಿನ ಹೆಸರು ಕೇಳಿದಳು. ನಾನು ಮೊಮ್ಮಕ್ಕಳನ್ನು ಕರೆತಂದಿರುವೆನೆಂದು ಆಕೆಯ ಎಣಿಕೆ. ನನ್ನ ಹೆಸರನ್ನೇ ಹೇಳಿದೆ. ಬರೆದುಕೊಂಡು, ಮಗು ಬಂದ ಮೇಲೆ ಸಹಿ ಮಾಡಿಸಿ ಎಂದಳು.

ಅಲ್ಲಿ ಹೊಸ ಲೇಖಕರು ಪ್ರಕಾಶಕರ ಮುಂದೆ ನಿಂತು ಮೂರು ನಿಮಿಷಗಳಲ್ಲಿ ತಮ್ಮ ಕಥೆಯನ್ನು ಹೇಳಬೇಕು. ಬಳಿಕ ಗಂಟೆ ಬಾರಿಸುತ್ತಾರೆ. ನನಗಿಂತ ಮೊದಲು ಬಂದ ಹುಡುಗಿ ಎರಡು ನಿಮಿಷಗಳಲ್ಲಿ ಮೂರು ಗ್ರಹಗಳನ್ನು ನಾಶಮಾಡಿ ಚಪ್ಪಾಳೆ ಗಿಟ್ಟಿಸಿದಳು. ನನ್ನ ಕಷ್ಟವೇ ಬೇರೆ. ಪ್ರಾಚೀನರು ಕಾವ್ಯಕ್ಕೆ ಸಮುದ್ರ, ಪರ್ವತ, ನಗರ, ಚಂದ್ರೋದಯ, ಜಲಕ್ರೀಡೆ ಮೊದಲಾದ ಹದಿನೆಂಟು ವರ್ಣನೆಗಳನ್ನು ವಿಧಿಸಿದ್ದಾರೆ. ಅವುಗಳಲ್ಲಿ ಒಂದನ್ನೂ ಬಿಡಲು ನನಗೆ ಮನಸ್ಸು ಬಂದಿರಲಿಲ್ಲ. ನೀರೇ ನಿಲ್ಲದ ನಿಲಯದಲ್ಲಿ ಜಲಕ್ರೀಡೆಯನ್ನು ನಿರ್ವಹಿಸಲು ಪಟ್ಟ ಪಾಡು ನನಗೇ ಗೊತ್ತು. ದೇವತಾಸ್ತುತಿ ಮುಗಿಸಿ, ಪೂರ್ವಸೂರಿಗಳಿಗೆ ವಂದಿಸಿ, ಸಮುದ್ರದ ಉತ್ತರ ತೀರಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸಿದರು.

ಪ್ರಕಾಶಕರು ಸಜ್ಜನರು. ನಿಮ್ಮ ಆಕಾಶನೌಕೆ ಯಾವಾಗ ಹೊರಡುತ್ತದೆಂದು ಹಿಂದಿಯಲ್ಲಿ ಕೇಳಿದರು. ನಲವತ್ತೊಂದನೆಯ ಪುಟದಲ್ಲಿ ಎಂದೆ. ಕನ್ನಡ ಬಾರದಿದ್ದರೂ ಪ್ರತಿಯನ್ನು ಎರಡೂ ಕೈಗಳಿಂದ ಸ್ವೀಕರಿಸಿದರು. ಹದಿನೈದು ದಿನಗಳಲ್ಲಿ ಪತ್ರ ಬಂತು: ಕೃತಿಯನ್ನು ಆಸಕ್ತಿಯಿಂದ ಓದಿದೆವು, ಪ್ರಕಟಿಸಲಾರೆವು; ಆದರೆ ಪಾತ್ರಗಳ ಸಂಭಾಷಣೆ ಅತ್ಯಂತ ಸಹಜವಾಗಿದೆ.

ಇಡೀ ಕಾದಂಬರಿಯಲ್ಲಿ ಇರುವುದು ಒಬ್ಬನೇ ಮನುಷ್ಯ.

ಘ ಪ್ರತಿ

ಅದೇ ಸಮಾವೇಶದಲ್ಲಿ ಕನ್ನಡ ಕೇಳಿ ತಿರುಗಿನೋಡಿದ ಒಬ್ಬನೇ ಒಬ್ಬ ಯುವಕ ಮಾನೇಸರ್‌ನ ಕಾರ್ಖಾನೆಯ ಎಂಜಿನಿಯರು, ತುಮಕೂರಿನವನು. ನಾಲ್ಕನೆಯ ಪ್ರತಿ ಅವನಿಗೆ ಹೋಯಿತು. ಒಂದು ಭಾನುವಾರ ಬಾಳೆಹಣ್ಣು ಹಿಡಿದು ಮನೆಗೇ ಬಂದ. ಮುಖ ಬಾಡಿತ್ತು.

“ಹೇಗೆ ಹೇಳಬೇಕೋ ಗೊತ್ತಾಗ್ತಿಲ್ಲ ಸರ್,” ಎಂದ. “ನಿಮ್ಮ ಯಾನಪಾಲ ತೀರಿಕೊಂಡಿದ್ದಾನೆ.”

ಕಾದಂಬರಿಯಲ್ಲಿ ಅಂಥದೇನೂ ಇಲ್ಲವೆಂದೆ. ಆತ ಜೇಬಿನಿಂದ ಕಾಗದ ತೆಗೆದು ಹರಡಿದ. ನಿಲಯದ ಅಳತೆ, ಪ್ರಾಣವಾಯುವಿನ ಸಿಲಿಂಡರುಗಳು, ಒಬ್ಬ ಮನುಷ್ಯನ ಉಸಿರು, ಅವನು ಮಾಡುವ ದೀರ್ಘ ಭಾಷಣಗಳಿಗೆ ತಗಲುವ ಹೆಚ್ಚುವರಿ ಉಸಿರು ಎಲ್ಲವನ್ನೂ ಕೂಡಿಸಿದ್ದ. ನೂರ ಎಂಬತ್ತಾರನೆಯ ಪುಟದ ಕೊನೆಯ ಸಾಲಿನ ವೇಳೆಗೆ ಗಾಳಿ ಮುಗಿಯುತ್ತದೆ. ಸತ್ತವರ ಕಾಗದಪತ್ರಗಳನ್ನು ಓದುವುದು ಸರಿಯಲ್ಲವೆನ್ನಿಸಿ ಅಲ್ಲಿಗೇ ಮುಚ್ಚಿಟ್ಟಿದ್ದ.

ಇನ್ನೊಂದೇ ಪುಟ ಮಗುಚಪ್ಪಾ ಎಂಬ ಮಾತು ತುದಿನಾಲಿಗೆಗೆ ಬಂದಿತ್ತು. ಜೀವನವಿಡೀ ಪರೀಕ್ಷಕನಾಗಿದ್ದವನಿಗೆ ಉತ್ತರ ಹೇಳಿಕೊಡಲು ಬಾಯಿ ಬರಲಿಲ್ಲ. ಬಾಗಿಲಲ್ಲಿ ಆತ ನನ್ನ ಕೈ ಹಿಡಿದುಕೊಂಡು, ಧೈರ್ಯ ತಂದುಕೊಳ್ಳಿ ಸರ್, ಆರೋಗ್ಯ ನೋಡಿಕೊಳ್ಳಿ ಎಂದು ಹೇಳಿ ಹೋದ.

ಙ ಪ್ರತಿ

ಙ ಎಂಬ ಅಕ್ಷರವನ್ನು ವರ್ಣಮಾಲೆಯಲ್ಲಿ ಎಲ್ಲರೂ ಒಪ್ಪಿಸುತ್ತಾರೆ. ಬಳಸುವವರು ಯಾರೂ ಇಲ್ಲ. ಹಾಗೆಯೇ ಆ ಹೆಸರಿನ ಪ್ರತಿಯೂ ಯಾರಿಗೂ ಸಲ್ಲದೆ, ಸಮಾವೇಶದಿಂದ ಹಿಂದಿರುಗಿದ ದಿನವೇ ಕಳೆದುಹೋಯಿತು. ನಮ್ಮ ಮಾರುಕಟ್ಟೆಯಲ್ಲಿ ಕುಂದಾಪುರದ ಕಡೆಯವರ ಒಂದು ಹೋಟೆಲಿದೆ. ಪ್ರತಿ ಸಂಜೆ ಅಲ್ಲಿಗೆ ಹೋಗುವುದು ನನ್ನ ವಾಡಿಕೆ. ಅಲ್ಲಿ ನನಗೆ ಹೆಸರಿಲ್ಲ. ಮೂಲೆಯ ಮೇಜಿನ ಸಕ್ಕರೆಯಿಲ್ಲದ ಕಾಫಿ ಎಂಬುದೇ ನನ್ನ ಹೆಸರು. ಅಂದು ದಣಿದು ಕುಳಿತವನು ಅಲ್ಲಿಯೇ ಮರೆತೆನೆಂದು ತೋರಿ ಮರುದಿನ ವಿಚಾರಿಸಿದಾಗ, ಅಂಥದೇನೂ ಸಿಕ್ಕಿಲ್ಲವೆಂದರು ಗಲ್ಲಾಪೆಟ್ಟಿಗೆಯ ಬಳಿ ಕುಳಿತಿದ್ದ ಮಾಲೀಕರು. ‘ಙ ಪ್ರತಿ ಲುಪ್ತ’ ಎಂದು ದಿನಚರಿಯಲ್ಲಿ ಬರೆದು ಮುಗಿಸಿದೆ.

ಐದು ತಿಂಗಳು ಕಳೆದವು. ಒಂದು ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ದೂರವಾಣಿ ಗಂಟೆ ಬಾರಿಸಿತು. ಎತ್ತಿದೆ. ಹಿಂದೆ ಪಾತ್ರೆಗಳ ಸದ್ದು.

“ಹಲೋ, ಯಾನಪಾಲರು ಇದ್ದಾರಾ?”

ಯಾರು ಮಾತನಾಡುತ್ತಿರುವುದೆಂದು ಕೇಳಿದೆ.

“ನಾವು ಇಲ್ಲಿ ಭೂಮಿಯಿಂದ,” ಎಂದಿತು ಆ ಕಡೆಯ ದನಿ. ಕೂಡಲೇ ನಾಚಿಕೊಂಡು, ಹೋಟೆಲಿನ ಅಡಿಗೆಯವನೆಂದು ತಿದ್ದಿಕೊಂಡಿತು.

ಆಮೇಲೆ ಅವರು ಹೇಳಿದ್ದರ ತಾತ್ಪರ್ಯವಿಷ್ಟು. ಮೇಜಿನ ಕೆಳಗೆ ಸಿಕ್ಕ ಪುಸ್ತಕವನ್ನು ಅವರು ಒಳಗೆ ಒಯ್ದಿದ್ದರು. ಮಾಲೀಕರಿಗೆ ಅದು ತಿಳಿದದ್ದು ಎಷ್ಟೋ ದಿನಗಳ ಮೇಲೆ; ಅಷ್ಟು ಹೊತ್ತಿಗೆ ನಾನು ವಿಚಾರಿಸಿದ್ದು ಅವರಿಗೆ ಮರೆತುಹೋಗಿರಬೇಕು. ಊಟದ ಹೊತ್ತು ಮುಗಿದು ಸಂಜೆಯ ತಿಂಡಿ ಆರಂಭವಾಗುವವರೆಗೆ ನಾಲ್ವರು ರುಬ್ಬುವ ಯಂತ್ರದ ಸುತ್ತ ಕುಳಿತು ದಿನಕ್ಕೆ ಒಂದೆರಡು ಪುಟದಂತೆ ಪುರಾಣದ ಹಾಗೆ ಒಬ್ಬನಿಂದ ಓದಿಸಿ ಕೇಳುತ್ತಿದ್ದಾರೆ. ಜಲಕ್ರೀಡೆಯನ್ನು ಎರಡು ಸಲ ಓದಿಸಿದರಂತೆ. ನಿನ್ನೆ ನೂರ ಎಂಬತ್ತೇಳನೆಯ ಪುಟ ಬಂತು. ಅದು ಬರಿಯ ಕತೆ, ಯಾರೂ ಫೋನ್ ಎತ್ತುವುದಿಲ್ಲವೆಂದರಂತೆ ಮಾಲೀಕರು.

“ಆದರೂ ಒಬ್ಬನೇ ಇದ್ದೇನೆ ಅಂತ ನಂಬರ್ ಕೊಟ್ಟವರಿಗೆ ಫೋನ್ ಮಾಡದೆ ಇರುವುದು ಹೇಗೆ ಮಾರಾಯ್ರೆ,” ಎಂದರು ಅಡಿಗೆಯವರು. ಬಳಿಕ ದನಿ ತಗ್ಗಿಸಿ, “ಐದು ತಿಂಗಳಿಂದ ನೋಡ್ತಾ ಇದ್ದೇವೆ, ಅಲ್ಲಿ ನಿಲಯದಲ್ಲಿ ಊಟದ ಬದಲು ಬರೀ ಮಾತ್ರೆ ನುಂಗ್ತೀರಿ. ಊಟ ಆಯ್ತಾ?”

ಆ ದಿನ ಎರಡು ತುಂಡು ಬ್ರೆಡ್ಡು ತಿಂದಿದ್ದೆ. ಆಗಿಲ್ಲವೆಂದೆ.

“ಆಗಲಿಲ್ಲವಂತೆ,” ಎಂದು ಅವರು ಪಕ್ಕದವರಿಗೆ ತಿಳಿಸಿದ್ದು ಕೇಳಿಸಿತು. “ಈಗ ಎಲ್ಲಿ ಇದ್ದೀರಿ?”

ಶನಿಗ್ರಹದ ಆಚೆ ಎನ್ನಬಹುದಿತ್ತು. ಎಷ್ಟೋ ದಿನಗಳಿಂದ ಆ ಉತ್ತರ ಸುಳ್ಳಾಗಿರಲಿಲ್ಲ. ಆದರೆ ವಸಂತ್ ಕುಂಜ್‌ನಲ್ಲಿದ್ದೇನೆ ಎಂದೆ.

ಅಡಿಗೆಯವರು ಒಳಗಿನವರಿಗೆಲ್ಲ ಕೇಳಿಸುವಂತೆ ಹೇಳಿದರು: “ಇಳಿದಿದ್ದಾರಂತೆ ಮಾರಾಯ್ರೆ. ಇಲ್ಲೇ, ವಸಂತ್ ಕುಂಜ್‌ನಲ್ಲೇ ಇಳಿದಿದ್ದಾರಂತೆ.”

ಚಪ್ಪಲಿ ಮೆಟ್ಟಿ ಹೊರಟೆ. ಅನ್ನ, ಸಾರು, ಬಿಸಿಮಾಡಿದ ಪಲ್ಯ ಸಿದ್ಧವಾಗಿದ್ದವು. ನನ್ನನ್ನು ಕಂಡ ಮಾಲೀಕರು, ಅಯ್ಯೋ, ಸಕ್ಕರೆಯಿಲ್ಲದ ಕಾಫಿ ಎಂದು ಎದ್ದುನಿಂತರು. ಅಡಿಗೆಯವರು ನನ್ನನ್ನು ಆಪಾದಮಸ್ತಕ ನೋಡಿ, ಇಷ್ಟು ವಯಸ್ಸೆಂದು ಪುಸ್ತಕದಲ್ಲಿ ಎಲ್ಲಿಯೂ ಬರೆದಿಲ್ಲವಲ್ಲ ಎಂದು ತುಸು ನಿರಾಶೆಯಿಂದಲೇ ಬಡಿಸಿದರು.

ಅವರಿಗಿನ್ನೂ ಇಪ್ಪತ್ತೈದು ಪುಟಗಳು ಉಳಿದಿದ್ದವು. ನಾನು ಬರೆದಿದ್ದ ಅಂತ್ಯದಲ್ಲಿ ಯಾನಪಾಲ ಕತ್ತಲಲ್ಲಿ ಲೀನನಾಗುತ್ತಾನೆ. ಊಟವಾದ ಮೇಲೆ ಪುಸ್ತಕವನ್ನು ಒಂದು ದಿನದ ಮಟ್ಟಿಗೆ ಕೇಳಿ ಪಡೆದು, ಕೊನೆಯ ಪುಟವನ್ನು ತೆಗೆದು ಬೇರೊಂದನ್ನು ಬರೆದು ಸೇರಿಸಿದೆ. ಆದ್ದರಿಂದ ಮುಂದೆಂದಾದರೂ ಈ ಕೃತಿಯನ್ನು ಸಂಪಾದಿಸುವ ವಿದ್ವಾಂಸರು ಗಮನಿಸಬೇಕು: ಕ, ಖ, ಗ, ಘ ಪ್ರತಿಗಳಲ್ಲಿ ನಾಯಕನು ಅಂತರಿಕ್ಷದಲ್ಲಿ ಕಣ್ಮರೆಯಾಗುತ್ತಾನೆ. ಙ ಪ್ರತಿಯಲ್ಲಿ ಮಾತ್ರ ಎರಡನೆಯ ಸಲ ಸಾರು ಹಾಕಿಸಿಕೊಳ್ಳುತ್ತಾನೆ.