ಎರಡೂ ಬದಿ, ನಡುವೆ ಮಾತಿಲ್ಲದೆ

ಕ್ರಿಕೆಟ್ ಹುಚ್ಚಿನವರಿಗೆ, ಸಿನಿಮಾ ಹುಚ್ಚಿನವರಿಗೆ ಊರೆಲ್ಲ ನೆಂಟರು. ಅರವತ್ತರ ದಶಕದ ಒಂದು ಇಂಗ್ಲಿಷ್ ಹಾಡಿನ ತಂಡದ ಹುಚ್ಚು ಹತ್ತಿಸಿಕೊಂಡ ನನ್ನಂಥವರಿಗೆ ಮಾತ್ರ ಆಗಬಾರದ್ದೆಲ್ಲ ಆಗುತ್ತಲೇ ಇರುತ್ತದೆ. ನಾಲ್ಕು ಜನರ ತಂಡ ಅದು. ತಮ್ಮ ಅಜ್ಜಿಯರ ಕಾಲದ ಹಳ್ಳಿ ಪದಗಳಿಗೆ ಕರೆಂಟಿನ ಗಿಟಾರ್ ಕಟ್ಟಿ, ನಾಲ್ಕೂ ಕಂಠ ಸೇರಿಸಿ ಹಾಡಿದವರು. ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಮುಕ್ಕಾಲು ಜನ "ಯಾರದು?" ಅನ್ನುತ್ತೀರಿ, ಉಳಿದವರು ಒಟ್ಟಿಗೆ ಕೂತು ಕೇಳೋಣ ಎಂದು ಮನೆಗೆ ಬರುತ್ತೀರಿ. ಮೊದಲನೆಯದನ್ನು ಸಹಿಸಿಕೊಂಡೇನು. ಎರಡನೆಯದು ಎಂಥ ಪಜೀತಿ ಎಂದು ನನಗೆ ಚೆನ್ನಾಗಿ ಗೊತ್ತಿದೆ.

ನಾನು ದಾವಣಗೆರೆಯವಳು, ಬ್ಯಾಂಕಿನವಳು. ಸೋದರಮಾವ ಎಲ್ಲಿಂದಲೋ ತಂದ ಒಂದು ಕ್ಯಾಸೆಟ್ಟಿನಿಂದ ಈ ರೋಗ ಅಂಟಿತು. ವರ್ಗವಾಗಿ ವಿಶಾಖಪಟ್ಟಣಕ್ಕೆ ಹೊರಟಾಗ ನನ್ನ ಗಂಡ, "ಅಲ್ಲಾದ್ರೂ ಆ ಹಾಡು ಕೇಳೋರು ಒಬ್ಬರು ಸಿಗಲಿ, ನನ್ನ ಕಿವಿಗೆ ಬಿಡುಗಡೆ ಆಗಲಿ" ಎಂದು ಹರಸಿ ಕಳಿಸಿದ್ದರು. ಹರಕೆ ಫಲಿಸಿತು.

ಬದುಕಿರುವುದಕ್ಕೆ ಸಾಕ್ಷಿ

ದ್ವಾರಕಾ ನಗರದ ನಮ್ಮ ಶಾಖೆಯಲ್ಲಿ ನವೆಂಬರ್ ಬಂತೆಂದರೆ ಪಿಂಚಣಿದಾರರ ಜಾತ್ರೆ. ತಾವು ಇನ್ನೂ ಬದುಕಿದ್ದೇವೆ ಎಂದು ಹೆಬ್ಬೆಟ್ಟು ಒತ್ತಿ ರುಜುವಾತು ಮಾಡಬೇಕು. ಒಬ್ಬ ಹಿರಿಯರು ಬಂದು ನನ್ನೆದುರು ಕೂತು ಯಂತ್ರದ ಮೇಲೆ ಹೆಬ್ಬೆರಳಿಟ್ಟರು. ಯಂತ್ರ ಒಪ್ಪಲಿಲ್ಲ. ಒರೆಸಿ ಇಟ್ಟರು, ಮತ್ತೆ ಒಪ್ಪಲಿಲ್ಲ. ಅಷ್ಟರಲ್ಲಿ ಅವರ ಜೇಬಿನಲ್ಲಿ ಮೊಬೈಲು ಹಾಡತೊಡಗಿತು. ಅದೇ ತಂಡ, ಅದೇ ಹಾಡು!

"ಅಯ್ಯೋ ಶಿವನೇ" ಎಂದೆ ನಾನು. ಅಂದು ಸುಮ್ಮನಾಗಬೇಕಿತ್ತು. ಕಂಠ ಕೇಳಲಿಲ್ಲ, ಎರಡನೇ ಸಾಲಿಗೆ ತಾನಾಗಿ ಜೊತೆಗೂಡಿತು. ಸಾಲಿನಲ್ಲಿ ನಿಂತ ಅಜ್ಜಂದಿರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ಮ್ಯಾನೇಜರು ಗಾಜಿನ ಹಿಂದಿನಿಂದ ಎದ್ದು ನಿಂತರು.

"ಫೋನ್ ತಗೊಳ್ಳಲಾ ಅಮ್ಮಾ?" ಎಂದರು ಹಿರಿಯರು, ಕನ್ನಡದಲ್ಲಿ!

"ಬೇಡ ಸಾರ್, ಇನ್ನೊಂದು ಸಾಲು ಇದೆ" ಎಂದೆ.

ಬಳ್ಳಾರಿ ಕಡೆಯ ಮನೆತನವಂತೆ. ಬಂದರಿನ ಕಚೇರಿಗೆ ಸೇರಿ, ತೆಲುಗಿನ ಹುಡುಗಿಯನ್ನೇ ಮದುವೆಯಾಗಿ, ಭೀಮುನಿಪಟ್ಟಣದಲ್ಲಿ ನೆಲೆಸಿದವರು. ಕನ್ನಡಕ್ಕೆ ತೆಲುಗಿನ ಗೌರವದ 'ಅಂಡಿ' ಅಂಟಿಕೊಂಡಿತ್ತು. ಯಂತ್ರ ಮೂರನೇ ಸಲವೂ ಅವರನ್ನು ತಿರಸ್ಕರಿಸಿತು.

"ಈ ಮಿಷನ್ನು ನಂಬಂಗಿಲ್ಲ ನೋಡಂಡಿ. ನಾನು ಬದುಕಿದೀನಿ ಅಂತ ನೀವಾದ್ರೂ ನಂಬ್ತೀರಾ?"

"ಈ ಹಾಡು ಇಟ್ಟುಕೊಂಡವರು ಸತ್ತಿರೋಕೆ ಸಾಧ್ಯನೇ ಇಲ್ಲ ಸಾರ್."

ಆಗ ಅವರು ತಮ್ಮ ಆಸೆ ಹೇಳಿದರು. ತಂಡದ ಮೊದಲ ಗ್ರಾಮಫೋನ್ ಪ್ಲೇಟು ಅವರ ಹತ್ತಿರ ಇದೆ. ಕಾಲೇಜಿನ ಕಾಲದಿಂದ ಒಬ್ಬರೇ ಕೇಳುತ್ತ ಬಂದಿದ್ದಾರೆ. "ಒಬ್ಬನೇ ಹಾಡು ಕೇಳೋದು ಒಬ್ಬನೇ ಹಬ್ಬದೂಟ ಮಾಡಿದಂಗಮ್ಮ. ಎಡಗಿವಿ ಆಗಲೇ ಹೋಗೈತೆ. ಬಲಗಿವಿ ನೆಚ್ಚಬ್ಯಾಡ ಅಂದಾರೆ ಡಾಕ್ಟ್ರು. ಅದು ಹೋಗೋದ್ರೊಳಗೆ ಒಂದು ಸಲ, ಒಂದೇ ಒಂದು ಸಲ, ಇಷ್ಟ ಪಡೋರ ಜೊತೆ ಕೂತು ಕೇಳಬೇಕು. ಎರಡೂ ಬದಿ. ನಡುವೆ ಯಾರೂ ಮಾತಾಡಬಾರದು."

ಇಷ್ಟೇ ತಾನೇ, ಈ ಭಾನುವಾರವೇ ಆಗಿಹೋಗುತ್ತದೆ ಎಂದುಬಿಟ್ಟೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಪ್ಲೇಟು ಹಾಕಿ ನೋಡು ಎನ್ನುವುದನ್ನು ಮರೆತಿದ್ದಾರೆ.

ವಂಜರಂ

ಭಾನುವಾರ ಭೀಮುನಿಪಟ್ಟಣಕ್ಕೆ ಹೋದೆ. ಜೊತೆಗೆ ಇನ್ನೊಬ್ಬ ಅಭಿಮಾನಿಯನ್ನೂ ಹುಡುಕಿಕೊಂಡಿದ್ದೆ. ಔಷಧ ಕಂಪನಿಯಲ್ಲಿ ಕೆಲಸ ಮಾಡುವ ಮಂಗಳೂರಿನವನು. ತಂಡದ ಬಗ್ಗೆ ಅವನಿಗೆ ಗೊತ್ತಿಲ್ಲದ್ದಿಲ್ಲ. ಗೊತ್ತಿದ್ದನ್ನು ಹೇಳದೆ ಇರಲು ಮಾತ್ರ ಅವನಿಂದಾಗದು.

ಹಿರಿಯರು ಕಟ್ಟುನಿಟ್ಟಾಗಿ ಹೇಳಿದರು: "ಮಾತಿಲ್ಲ. ಕೆಮ್ಮು ಬಂದ್ರೆ ಹೊರಗೆ." ಪ್ಲೇಟಿನ ಮೇಲೆ ಮುಳ್ಳಿಟ್ಟರು. ಗಿಟಾರು ಎದ್ದಿತು.

"ಮಾರಾಯ್ರೆ, ಇದು ಹನ್ನೆರಡು ತಂತಿಯ ಗಿಟಾರ್. ಇದನ್ನು ರೆಕಾರ್ಡ್ ಮಾಡುವಾಗ ಎಂತ ಆಯ್ತು ಗೊತ್ತುಂಟಾ?"

ಮುಳ್ಳು ಎತ್ತಿದರು. ಅವನಿಗೆ ಬೈದರು. ಮತ್ತೆ ಮೊದಲಿಂದ. ಈ ಸಲ ಮೂರನೇ ಹಾಡಿನವರೆಗೆ ಬಂದೆವು. ಅಡುಗೆಮನೆಯಿಂದ ಅವರ ಹೆಂಡತಿ, ನಾನು ತೆಲುಗಿನವರಂತೆ ಪೆದ್ದಮ್ಮ, ಅಂದರೆ ದೊಡ್ಡಮ್ಮ, ಎಂದು ಕರೆಯುವವರು, ಪುಳಿಹೋರದ ತಟ್ಟೆ ಹಿಡಿದು ಬಂದರು. ಮನೆಗೆ ಬಂದವರು ಬರಿಗೈಯಲ್ಲಿ ಕೂರುವುದನ್ನು ನೋಡಿದರೆ ಅವರಿಗೆ ಎದೆ ಹೊಡೆದುಕೊಳ್ಳುತ್ತದೆ. "ಅಮ್ಮಾ, ಇನ್ನೊಂಚೂರು? ಖಾರ ಸಾಕಾ? ಯಾಕೆ ಮಾತಾಡ್ತಿಲ್ಲ, ಚೆನ್ನಾಗಿಲ್ವಾ?" ಮಾತಾಡಿದರೆ ಹಿರಿಯರಿಗೆ ಕೋಪ, ಆಡದಿದ್ದರೆ ಪೆದ್ದಮ್ಮನಿಗೆ ನೋವು. ತಲೆಯಾಡಿಸಿ ತಲೆಯಾಡಿಸಿ ಎರಡು ತಟ್ಟೆ ಪುಳಿಹೋರ ತಿಂದೆ.

ಮೂರನೇ ಸಲ ಎಲ್ಲವೂ ಕೂಡಿಬಂತು. ಮಂಗಳೂರಿನವನ ಬಾಯಲ್ಲಿ ಪುಳಿಹೋರವಿತ್ತು, ಪೆದ್ದಮ್ಮ ಒಳಗಿದ್ದರು. ಮೊದಲ ಬದಿಯ ಕೊನೆಯ ಹಾಡು, ನಾಲ್ಕೂ ಕಂಠ ಒಂದಾಗುವ ಜಾಗ. ನನಗೆ ಮೈ ಜುಮ್ಮೆನ್ನುತ್ತಿತ್ತು. ಆಗ ಎರಡು ಬೀದಿ ಆಚೆ ಮೀನಿನವಳೊಬ್ಬಳು ಕೂಗಿದಳು. ನನಗೆ ಸರಿಯಾಗಿ ಕೇಳಿಸಲೇ ಇಲ್ಲ. ಎಡಗಿವಿ ಪೂರ್ತಿ ಹೋದ, ಬಲಗಿವಿ ಅರ್ಧ ಹೋದ ನಮ್ಮ ಹಿರಿಯರು ಮಾತ್ರ ಕುರ್ಚಿ ಬಿಟ್ಟು ಹಾರಿದರು. "ಏಯ್, ವಂಜರಂ! ವಂಜರಂ ಬಂತು! ಅವಳನ್ನ ನಿಲ್ಲಿಸ್ರೋ!"

ಮೀನು ಹಿಡಿದು ವಾಪಸ್ ಬಂದಾಗ ಪ್ಲೇಟು ಮುಗಿದು ಸುಮ್ಮನೆ ಸುತ್ತುತ್ತಿತ್ತು. "ಸಾರ್, ಮಾತಾಡಬಾರದು ಅಂದವರು ನೀವೇ" ಎಂದೆ.

"ಹಾಡು ಮತ್ತೆ ಹಾಕಬಹುದಮ್ಮ" ಎಂದರು ಹಿರಿಯರು ಮೀನು ತಿರುಗಿಸಿ ನೋಡುತ್ತ. "ಇಂಥ ವಂಜರಂ ಮತ್ತೆ ಬರತೈತಾ?"

ಹೋದವರು ಯಾರು?

ಭೀಮುನಿಪಟ್ಟಣ ಬೇಡ, ನಮ್ಮ ಮನೆಯಲ್ಲೇ ಆಗಲಿ ಎಂದು ಹಟಕ್ಕೆ ಬಿದ್ದೆ. ಹಿರಿಯರು ಪ್ಲೇಯರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ವರ್ಗವಾಗಿ ಬಂದವರ ಮನೆಯಲ್ಲಿ ಕುರ್ಚಿ ಎಲ್ಲಿಂದ ಬರಬೇಕು? ಚಾಪೆ ಹಾಸಿ ಕೂತೆವು. ಚಪ್ಪಲಿಗಳನ್ನು ಬಾಗಿಲ ಹೊರಗೆ ಬಿಟ್ಟಿದ್ದೆವು. ಸೆಕೆಗೆ ಬಾಗಿಲು ತೆರೆದಿಟ್ಟಿದ್ದೆ. ನಾಲ್ವರ ಫೋಟೋ ಇರುವ ಪ್ಲೇಟಿನ ಹೊದಿಕೆಯನ್ನು ಗೋಡೆಗೆ ಒರಗಿಸಿದ್ದೆ. ಹಿರಿಯರ ಚೀಲದಿಂದ ಮೀನಿನ ವಾಸನೆ ಬರುತ್ತಿತ್ತೆಂದು ಅಲ್ಲೇ ಎರಡು ಊದುಬತ್ತಿ ಹಚ್ಚಿದೆ. ಮಂಗಳೂರಿನವನು ಬಾಯಿಗೆ ಕರವಸ್ತ್ರ ಅದುಮಿಕೊಂಡು ಕೂತ. ಹಿರಿಯರು ಕಣ್ಣು ಮುಚ್ಚಿದರು. ನಿಧಾನದ ಹಾಡು ಶುರುವಾಯಿತು.

ಪಕ್ಕದ ಮನೆಯಾಕೆ ಬಾಗಿಲಲ್ಲಿ ಇಣುಕಿ ನೋಡಿ, ಸದ್ದಿಲ್ಲದೆ ಬಂದು ಚಾಪೆಯ ತುದಿಯಲ್ಲಿ ಕೂತರು. ಆಮೇಲೆ ಎದುರು ಮನೆಯ ದಂಪತಿ. ಆಮೇಲೆ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಭಲೇ, ಈ ಕಟ್ಟಡದಲ್ಲಿ ಇಷ್ಟು ರಸಿಕರಿದ್ದಾರೆಯೇ ಎಂದು ನನಗೆ ಹೆಮ್ಮೆ. ಮೊದಲ ಬದಿ ಪೂರ್ತಿ ಆಯಿತು! ಪ್ಲೇಟು ತಿರುಗಿಸಿ ಹಾಕಿದೆ. ಆಗ ಕೆಳಗಿನ ಮನೆಯವರು ಒಂದು ಪಾತ್ರೆ ಉಪ್ಪಿಟ್ಟು, ಫ್ಲಾಸ್ಕಿನಲ್ಲಿ ಕಾಫಿ ತಂದು ಒಳಗಿಟ್ಟು, ನನ್ನ ತಲೆ ನೇವರಿಸಿ ಹೋದರು. ನನಗೆ ಏನೋ ಅನುಮಾನ ಶುರುವಾಯಿತು.

ಎರಡನೇ ಬದಿ ಅರ್ಧವಾಗಿತ್ತು. ಪಕ್ಕದ ಮನೆಯಾಕೆ ತಡೆಯಲಾರದೆ ಹಿರಿಯರ ಹತ್ತಿರ ಸರಿದು, "ಯಾವಾಗ ಆಯ್ತಂಡಿ?" ಎಂದು ಮೆಲ್ಲಗೆ ಕೇಳಿದರು.

ಹಿರಿಯರು ತಂಡದ್ದೇ ಗುಂಗಿನಲ್ಲಿದ್ದರು. ಕಣ್ಣು ತೆರೆಯದೆ, "ಐವತ್ತು ವರ್ಷ ದಾಟಿತಮ್ಮಾ" ಎಂದರು.

ಆಕೆ ಬೆಚ್ಚಿದರು. "ಏನಾಗಿತ್ತು?"

"ಏನಾಗೋದು? ನಾಲ್ಕು ಜನ ಅಣ್ಣತಮ್ಮಂದಿರಂಗೆ ಇದ್ದರು. ಇಬ್ಬರಿಗೆ ಆಗಿಬರಲಿಲ್ಲ. ಬೇರೆಯಾದರು."

"ಅಯ್ಯೋ ಪಾಪ. ಆಸ್ತಿ ವಿಷಯಾನಾ?"

ಅಷ್ಟೊತ್ತೂ ಕರವಸ್ತ್ರದ ಹಿಂದಿದ್ದ ಮಂಗಳೂರಿನವನಿಗೆ ಇನ್ನು ತಡೆಯಲಾಗಲಿಲ್ಲ. "ಆಸ್ತಿ ಅಲ್ಲ ಮಾರಾಯ್ರೆ, ಯಾರ ಗಿಟಾರ್ ಜೋರಾಗಿ ಕೇಳ್ಬೇಕು ಅಂತ!" ಎಂದು ಎದ್ದು ನಿಂತು ಪೂರ್ತಿ ಇತಿಹಾಸ ಬಿಚ್ಚಿದ. ಸತ್ತವರು ಯಾರೂ ಇಲ್ಲ ಎಂದು ತಿಳಿದ ಮೇಲೆ ನೆರೆಹೊರೆಯವರಿಗೆ ಬಂದ ಸಿಟ್ಟು ಸಾಮಾನ್ಯದ್ದಲ್ಲ. ಕಾರ್ಯದರ್ಶಿ ಹೋಗುವಾಗ ಉಪ್ಪಿಟ್ಟಿನ ಪಾತ್ರೆಯನ್ನೂ ಎತ್ತಿಕೊಂಡೇ ಹೋದರು.

ಅಭಿಮಾನಿ ಸಂಘ

ಅಷ್ಟರಲ್ಲಿ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಕೆಲವು ತಿಂಗಳಿಗೆ ಹಿರಿಯರೂ ಪೆದ್ದಮ್ಮನೂ ಅಲ್ಲಿನ ಭವಾನಿಪುರಂಗೆ, ಮಗಳ ಮನೆಗೆ ಬಂದರು. ನೋಡಲು ಹೋದರೆ ಹಿರಿಯರು ಬಲಗಿವಿಗೆ ಕೇಳುವ ಯಂತ್ರ ಹಾಕಿಕೊಂಡಿದ್ದರು. ನಾನು ಹೇಳಿದ್ದನ್ನು ಎರಡೆರಡು ಸಲ ಹೇಳಿಸಿಕೊಂಡರು. ಇನ್ನು ತಡ ಮಾಡಿದರೆ ಆಗುವುದೇ ಇಲ್ಲ ಎಂದು ಅವರ ಅಳಿಯನ ಮುಂದೆ ಎಲ್ಲವನ್ನೂ ಹೇಳಿದೆ.

ಅಳಿಯ ಸಣ್ಣ ಆಳಲ್ಲ. ಪ್ರಾಯದಲ್ಲಿ ಒಬ್ಬ ಸಿನಿಮಾ ನಟನ ಅಭಿಮಾನಿ ಸಂಘಕ್ಕೆ ಅಧ್ಯಕ್ಷನಾಗಿದ್ದವನು. ನಮ್ಮ ಕಥೆ ಕೇಳಿ ಅವನಿಗೆ ಅಸಹ್ಯವಾಯಿತು. "ಮೂರು ಜನ ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂರೋದು! ಇದೂ ಒಂದು ಅಭಿಮಾನಾನಾ ಮೇಡಂ? ಫ್ಲೆಕ್ಸ್ ಇಲ್ಲ, ತಮಟೆ ಇಲ್ಲ, ಊಟ ಇಲ್ಲ. ಪಾಪ, ಆ ನಾಲ್ಕು ಜನಕ್ಕೆ ಎಂಥ ಗತಿ ಬಂತು! ಬಿಡಿ, ನಾನಿದ್ದೀನಿ."

ಮುಂದಿನ ಭಾನುವಾರ ಹೋದರೆ ಬೀದಿಯ ಬಾಯಲ್ಲಿ ಆಳೆತ್ತರದ ಫ್ಲೆಕ್ಸ್. ಮೇಲೆ ಎರಡೂ ಕೈ ಜೋಡಿಸಿದ ಅಳಿಯ, ಕೆಳಗೆ ಬ್ಯಾಂಕಿನ ಗುರುತಿನ ಚೀಟಿಯ ಫೋಟೋದಲ್ಲಿ ಬೆದರಿದ ನಾನು, ನಡುವೆ ಸಣ್ಣದಾಗಿ ನಮ್ಮ ನಾಲ್ವರು. ಉದ್ದ ಕೂದಲು, ಗಡ್ಡ ನೋಡಿ ಫ್ಲೆಕ್ಸ್ ಮಾಡಿದವನು ಭಕ್ತಿಯಿಂದ ನಾಲ್ಕು ತಲೆಗಳ ಹಿಂದೆಯೂ ಪ್ರಭಾವಳಿ ಕೂರಿಸಿದ್ದ. ದಾರಿಯಲ್ಲಿ ಹೋಗುವವರು ಚಪ್ಪಲಿ ಬಿಟ್ಟು ನಮಸ್ಕರಿಸುತ್ತಿದ್ದರು. ಒಬ್ಬಾಕೆ ನನ್ನ ಹತ್ತಿರ ಬಂದು, "ಮಗಳಿಗೆ ಮದುವೆ ಕೂಡಿಬರ್ತಿಲ್ಲಮ್ಮ, ಇವರಲ್ಲಿ ಯಾರಿಗೆ ಹರಸಿಕೊಳ್ಳಬೇಕು?" ಎಂದು ಕೇಳಿದರು. ಇನ್ನೇನು ಹೇಳಲಿ, ಡ್ರಮ್ ಬಾರಿಸುವವನನ್ನು ತೋರಿಸಿದೆ. ನಾಲ್ವರಲ್ಲಿ ಕೊನೆಯವರೆಗೂ ಒಬ್ಬಳೇ ಹೆಂಡತಿಯ ಜೊತೆ ಬಾಳಿದವನು ಅವನೊಬ್ಬನೇ.

ಬಿರಿಯಾನಿಯ ಆಣೆ

ಮನೆ ಮುಂದೆ ಶಾಮಿಯಾನ, ಕುರ್ಚಿ, ದೊಡ್ಡ ಸ್ಪೀಕರು. ತಮಟೆಯವರು, ಅಳಿಯನ ಹಳೆಯ ಸಂಘದವರು, ಬೀದಿಗೆ ಬೀದಿಯೇ ಸೇರಿತ್ತು. ಮೂಲೆಯಲ್ಲಿ ಬಿರಿಯಾನಿಯ ಹಂಡೆ ಘಮಘಮಿಸುತ್ತಿತ್ತು. ಈ ಸಂತೆಯಲ್ಲಿ ಮೌನ ಎಲ್ಲಿಂದ ಬರಬೇಕು? ಹಿರಿಯರ ಆಸೆ ಮುಗಿಯಿತು ಎಂದು ನಾನು ಕೈ ಚೆಲ್ಲಿದ್ದೆ.

ಅಳಿಯ ಮೈಕು ಹಿಡಿದ. "ಎರಡೂ ಬದಿ ಮುಗಿದ ಮೇಲೆ ಊಟ. ನಡುವೆ ಮಾತಾಡಿದವರಿಗೆ ಬಿರಿಯಾನಿ ಇಲ್ಲ."

ಗಂಟಲು ಸರಿಮಾಡಿಕೊಳ್ಳುವ ಸದ್ದೂ ನಿಂತಿತು. ಪೆದ್ದಮ್ಮ ಮಾತ್ರ ಹಿರಿಯರಿಗೆ, "ಮಾತ್ರೆ ನುಂಗೋ ಹೊತ್ತು, ನೀವು ಮೊದಲು ತಿನ್ನಿ" ಎಂದು ಮೊದಲೇ ಒಂದು ತಟ್ಟೆ ಬಡಿಸಿದ್ದರು. ಹಿರಿಯರು ಉಂಡು, ಮುಂದಿನ ಸಾಲಿನ ಮೆತ್ತನೆ ಕುರ್ಚಿಯಲ್ಲಿ ಕೂತರು. ಮುಳ್ಳಿಟ್ಟೆ.

ಮೊದಲ ಬದಿ ಆಯಿತು. ಎರಡನೆಯದು ಆಯಿತು. ಇದಕ್ಕೆಂದೇ ರೈಲು ಹತ್ತಿ ಬಂದಿದ್ದ ಮಂಗಳೂರಿನವನ ಬಾಯಿಗೆ ಪೆದ್ದಮ್ಮ ಆಗಾಗ ಪೂತರೇಕುಲು ಮಿಠಾಯಿ ತುರುಕುತ್ತಿದ್ದರು. ಕೊನೆಯ ಹಾಡಿನ ಕೊನೆಯ ತಂತಿಯೂ ನಿಂತಿತು. ಗೆದ್ದೆ! ಎಷ್ಟು ದಿನದ ಹಟ! ಕಣ್ಣೊರೆಸಿಕೊಂಡು ಹಿರಿಯರ ಕಡೆ ತಿರುಗಿದೆ.

ಹಿರಿಯರು ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದರು.

ಅದೇ ಹೊತ್ತಿಗೆ, ನಾಟಕ ನೋಡಿ ನೋಡಿ ಅಭ್ಯಾಸವಾಗಿದ್ದ ಒಬ್ಬ ಮುದುಕ ಹಿಂದಿನಿಂದ "ವನ್ಸ್ ಮೋರ್!" ಎಂದು ಕೂಗಿದ. ತಟ್ಟೆ ಹಿಡಿದು ಎದ್ದಿದ್ದ ಜನವೆಲ್ಲ ಅವನನ್ನು ನುಂಗುವ ಹಾಗೆ ನೋಡಿತು. ಹಿರಿಯರಿಗೆ ಎಚ್ಚರವಾಯಿತು.

"ಯಾರದು ಗಲಾಟೆ? ಇನ್ನೂ ಶುರುವೇ ಆಗಿಲ್ಲ, ಆಗಲೇ ತಟ್ಟೆ ಹಿಡಿದು ಎದ್ದೀರಲ್ಲ!"

ಜನ ಹಂಡೆ ನೋಡಿದರು, ಹಿರಿಯರನ್ನು ನೋಡಿದರು, ಅವರ ಕಿವಿಯ ಯಂತ್ರವನ್ನು ನೋಡಿದರು. ಅಳಿಯ ನನ್ನ ಮುಖ ನೋಡಿ, ನಿಧಾನವಾಗಿ ಮೈಕು ಎತ್ತಿದ.

"ಹೌದು ಮಾವಯ್ಯ, ಈಗ ಶುರು. ಎಲ್ಲರೂ ಕೂತ್ಕೊಳ್ಳಿ."

ಎಲ್ಲರೂ ಕೂತರು. ಹಸಿದ ಆ ಜನಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಈ ಸಲ ಹಿರಿಯರು ನೆಟ್ಟಗೆ ಕೂತು, ಬಲಗಿವಿಯನ್ನು ಸ್ಪೀಕರಿನ ಕಡೆ ತಿರುಗಿಸಿ, ಎರಡೂ ಬದಿ ಕೇಳಿದರು. ಪೆದ್ದಮ್ಮ ಏನೋ ಹಿಡಿದು ಬಂದವರು, ಬದಿ ಮುಗಿಯುವವರೆಗೂ ಬಾಗಿಲಲ್ಲೇ ನಿಂತರು. ನಾಲ್ಕೂ ಕಂಠ ಒಂದಾಗುವ ಜಾಗ ಬಂದಾಗ ಇನ್ನೊಂದು ಆಯಿತು. ಆಗಷ್ಟೇ ಒಂದು ಸಲ ಕೇಳಿದ್ದರಲ್ಲ, ತಮಟೆಯವರು ಮೆಲ್ಲಗೆ ಗುನುಗತೊಡಗಿದರು. ಆಮೇಲೆ ಇಡೀ ಶಾಮಿಯಾನ ಗುನುಗಿತು. ಗುನುಗುವುದು ಮಾತಲ್ಲವೆಂದು ಅಳಿಯ ಬಿಟ್ಟುಬಿಟ್ಟ.

ಮುಗಿದ ಮೇಲೆ ಹಿರಿಯರು ಬಹಳ ಹೊತ್ತು ಹಿಂದೆ ತಿರುಗಿ ಜನರನ್ನೇ ನೋಡಿದರು. ಕಣ್ಣು ತುಂಬಿತ್ತು. ನನ್ನ ಕೈ ಹಿಡಿದುಕೊಂಡರು.

"ನೋಡಿದೆಯಾ ಅಮ್ಮಾ? ಎಲ್ಲರಿಗೂ ಹಾಡು ಬಾಯಿಗೆ ಬರತೈತೆ! ಐವತ್ತು ವರ್ಷ ನಾನೊಬ್ಬನೇ ಅಂದುಕೊಂಡಿದ್ದೆ. ವಿಜಯವಾಡದಾಗೆ ಇಷ್ಟು ಜನ ಅಭಿಮಾನಿಗಳಿದಾರೆ ಅಂತ ಮೊದಲೇ ಗೊತ್ತಿದ್ರೆ, ಆ ವಿಶಾಖಪಟ್ಟಣದಾಗೆ ನಿನ್ನಂಥಾಕಿ ಬೆನ್ನು ಯಾಕೆ ಹತ್ತತಿದ್ದೆ?"